ಗಮನಕ್ಕೆ ಐದಕ್ಕೆ ಐದು

ಬನಹಟ್ಟಿಯ ಆ ಓಣಿಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕೂಗುವುದಿಲ್ಲ. ಕೂಗಿ ಪ್ರಯೋಜನವಿಲ್ಲ. ಎರಡೂ ಬದಿಯ ಮನೆಗಳಲ್ಲಿ ಪವರ್‌ಲೂಮುಗಳು ಬೆಳಗಾಗುತ್ತಲೇ ಬಡಿಯಲು ಶುರು ಮಾಡಿ ಕರೆಂಟು ಹೋಗುವ ತನಕ ಬಡಿಯುತ್ತವೆ. ಗಂಡನನ್ನು ಊಟಕ್ಕೆ ಕರೆಯಬೇಕಾದ ಹೆಂಡತಿ ನೂಲು ಮುಗಿದ ಖಾಲಿ ಕಂಡಕಿಯೊಂದನ್ನು ಅವನ ಕಾಲಿಗೆ ತಾಗುವಂತೆ ಎಸೆಯುತ್ತಾಳೆ. ಅವನು ತಿರುಗಿದ ಮೇಲೆ ಬೆರಳು ಕೂಡಿಸಿ ಬಾಯಿಗೆ ಒಯ್ಯುತ್ತಾಳೆ. ಹೆಬ್ಬೆರಳು ತುಟಿಗೆ ಮುಟ್ಟಿದರೆ ಚಹಾ. ಎರಡು ಬೆರಳು ಕತ್ತರಿಯಂತೆ ಆಡಿದರೆ ಎಳೆ ಹರಿದಿದೆ. ಮೀಸೆ ತಿರುವಿದಂತೆ ಮಾಡಿದರೆ ಸಾಹುಕಾರ ಬರುತ್ತಿದ್ದಾನೆ, ಚಹಾ ಮುಚ್ಚಿಡು. ಅಲ್ಲಿಯ ಮಕ್ಕಳು ಮಾತಿಗಿಂತ ಮೊದಲು ಇದನ್ನು ಕಲಿಯುತ್ತವೆ. ಬೇರೆ ಊರುಗಳಿಂದ ಬಂದ ಸೊಸೆಯರು ಮೊದಲ ವರ್ಷ ಅರಚಿ ಅರಚಿ ಗಂಟಲು ಕೆಡಿಸಿಕೊಂಡು ಎರಡನೆಯ ವರ್ಷ ಸುಮ್ಮನಾಗುತ್ತಾರೆ. ಸೊಸೆ ಹೊಂದಿಕೊಂಡಳು ಎಂದು ಅತ್ತೆಯರು ಊರ ತುಂಬ ಹೇಳಿಕೊಂಡು ಬರುತ್ತಾರೆ.

ಶೇವಂತಿಯೂ ಹೊಂದಿಕೊಂಡಳು ಎಂದೇ ಓಣಿಯವರು ತಿಳಿದಿದ್ದರು. ಅವಳು ರನ್ನ ಬೆಳಗಲಿಯವಳು. ಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನವರನ್ನು ಕೂಗಿ ಕರೆಯುವ ಮನೆಯಲ್ಲಿ ಬೆಳೆದವಳು. ಆ ವರ್ಷ, ಅಂದರೆ ೨೦೧೨ರಲ್ಲಿ, ಕಬ್ಬು ಕಡಿಯುವ ಹಂಗಾಮಿನಲ್ಲಿ ನಾಲ್ಕು ವರ್ಷದ ಮಗಳು ಬನಶಂಕರಿಯನ್ನು ಕಟ್ಟಿಕೊಂಡು ತವರಿಗೆ ಹೋಗಿದ್ದಳು. ಹುಡುಗಿ ದಾರಿಯಲ್ಲಿ ಕೂತು ಹುಣಸೆ ಬೀಜ ಆರಿಸುತ್ತಿತ್ತು. ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರು ಹಿಮ್ಮುಖವಾಗಿ ಬರುತ್ತಿತ್ತು. "ಶಂಕ್ರೀ" ಎಂದು ಶೇವಂತಿ ಕೂಗಿದಳು. ಮತ್ತೆ ಕೂಗಿದಳು. ಬೇವಿನ ಮರದ ಗಿಳಿಗಳು ಎದ್ದು ಹಾರಿದವು, ಟ್ರ್ಯಾಕ್ಟರಿನವನು ಬ್ರೇಕು ಒತ್ತಿದ, ಪಕ್ಕದ ಹೊಲದ ಮುದುಕ ಏನಾಯಿತೆಂದು ಎದ್ದು ನಿಂತ. ಹುಡುಗಿ ಮಾತ್ರ ಇನ್ನೊಂದು ಬೀಜ ಆರಿಸಿಕೊಂಡಿತು.

ಆ ಓಣಿಯಲ್ಲಿ ಮಹತ್ವದ ಮಾತುಗಳನ್ನೆಲ್ಲ ಕರೆಂಟು ಹೋದಾಗಲೇ ಆಡಬೇಕು. ಊರಿಗೆ ಮರಳಿದ ಮೇಲೆ ಶೇವಂತಿ ಅದಕ್ಕಾಗಿ ಕಾದಳು. ಮಧ್ಯಾಹ್ನ ಮಗ್ಗಗಳು ಒಮ್ಮೆಲೇ ನಿಂತಾಗ ಅತ್ತೆ ಹಣಮವ್ವ ಕಂಡಕಿ ಸುತ್ತುವ ರಾಟಿಯ ಮುಂದೆ ಕೂತಿದ್ದಳು.

"ಅತ್ತಿ, ಶಂಕ್ರಿಗೆ ಕಿವಿ ಕೇಳಸೂದಿಲ್ಲ ಅನಸ್ತೈತ್ರಿ."

"ಯಾರಿಗೆ ಕೇಳಸ್ತೈತಿ ಈ ಓಣ್ಯಾಗ?" ಹಣಮವ್ವ ಎಲೆಗೆ ಸುಣ್ಣ ಸವರಿದಳು. "ನನಗ ಕೇಳಸ್ತೈತೇನ? ನಿನ್ನ ಗಂಡಗ ಕೇಳಸ್ತೈತೇನ? ನೀ ಹತ್ತ ಸಲ ಹೇಳಿದ್ರೂ ಮಹಾಲಿಂಗ ಹೂಂ ಅನ್ನೂದಿಲ್ಲ."

"ಅವ್ರಿಗೆ ಕೇಳಸ್ತೈತ್ರಿ, ಕೇಳಸದವರಂಗ ಮಾಡ್ತಾರ. ಇಕೀದು ಬ್ಯಾರೆ. ನಾಕ ವರ್ಷ ಆತು, ಒಂದ ಮಾತಿಲ್ಲ."

"ನಿನ್ನ ಗಂಡ ಐದನೇದಕ್ಕ ಬಾಯಿ ಬಿಟ್ಟ. ಈಗ ಮುಚ್ಚೂದಿಲ್ಲ. ಹೆಣ್ಣ ಹುಡುಗಿ, ಮಾತ ಕಡಿಮಿ ಇದ್ದಷ್ಟೂ ಛಲೋ." ಹಣಮವ್ವ ಎಲೆಯನ್ನು ದವಡೆಗೆ ಸೇರಿಸಿ ತನ್ನ ದೊಡ್ಡ ಸಾಕ್ಷ್ಯವನ್ನು ಹೊರಗೆ ತೆಗೆದಳು. "ಈಗ ಲೈಟ್ ಹೋತಲ್ಲ. ಮೊದಲ ತಲಿ ಎತ್ತಿದಾಕಿ ಯಾರು? ನಿನ್ನ ಮಗಳ. ದಿನಾ ಇಕೀನ ಮೊದಲ. ಕಿವುಡಿಗೆ ಮಗ್ಗ ನಿಂತದ್ದು ಹೆಂಗ ತಿಳೀತೈತಿ, ಹೇಳ ನೋಡೂಣು?"

ಅದು ಖರೆ. ಮಗ್ಗ ನಿಂತ ಕೂಡಲೇ ಬನಶಂಕರಿ ಎಲ್ಲರಿಗಿಂತ ಮೊದಲು ತಲೆ ಎತ್ತಿ ಸುತ್ತ ನೋಡುತ್ತಿತ್ತು. ಓಣಿಯ ಹೆಂಗಸರೆಲ್ಲ ಅದನ್ನು ಬಲ್ಲರು. ಕೆಲವು ದಿನಗಳ ಮೇಲೆ ಹುಡುಗಿ ಸೀರೆಗಳ ದೊಡ್ಡ ಗಂಟಿನ ಮೇಲೆ ಕಾಲು ಮಡಚಿ ಕೂತಿದ್ದಾಗ ಕರೆಂಟು ಹೋಯಿತು. ಎಲ್ಲರೂ ತಲೆ ಎತ್ತಿದರು, ಹುಡುಗಿ ಎತ್ತಲಿಲ್ಲ. ಶೇವಂತಿ ಅದನ್ನು ಎತ್ತಿ ನೆಲದ ಮೇಲೆ ಬರಿಗಾಲಿನಲ್ಲಿ ನಿಲ್ಲಿಸಿದಳು. ಕರೆಂಟು ಬಂದು ಮಗ್ಗಗಳು ಬಡಿಯತೊಡಗಿದ್ದೇ ತಡ, ಹುಡುಗಿ ತನ್ನ ಪಾದಗಳ ಕಡೆ ನೋಡಿಕೊಂಡಿತು. ಅದು ಕೇಳುತ್ತಿದ್ದದ್ದು ಅಂಗಾಲಿನಿಂದ.

ಅತ್ತೆಗೆ ಹೇಳಿದಳು. "ನಿದ್ದಿಗಣ್ಣಾಗಿತ್ತು" ಎಂದಳು ಅತ್ತೆ. ಗಂಡನಿಗೆ ಹೇಳಿದಳು. ಮಹಾಲಿಂಗ ಕೇಳಿಸದವರ ಹಾಗೆ ಮಾಡಿದ.

ಉಳಿದದ್ದು ಸರಕಾರ. ಓಣಿಯ ಮಟ್ಟಿಗೆ ಸರಕಾರವೆಂದರೆ ಎರಡು ಲೂಮ್ ಶೆಡ್ಡುಗಳ ನಡುವಿನ ಬಾಡಿಗೆ ಕೋಣೆ. ಅದರಲ್ಲಿ ಅಂಗನವಾಡಿ, ಅಂಗನವಾಡಿಯಲ್ಲಿ ದಾನಮ್ಮ.

ದಾನಮ್ಮ ಕೆಟ್ಟವಳಲ್ಲ. ಹೊಗಳಿಕೆಯ ಹಸಿವಿನವಳು, ಅಷ್ಟೆ. ನೌಕರಿಗೆ ಸೇರಿದ ಮೊದಲ ತಿಂಗಳೇ ಗಂಟಲು ಒಡೆದುಕೊಂಡು, ಆಮೇಲೆ ಬುದ್ಧಿವಂತಿಕೆಯಿಂದ ಪಾಠವನ್ನೆಲ್ಲ ಕೈಗೆ ಇಳಿಸಿದ್ದಳು. ಆನೆಯ ಹಾಡಿಗೆ ತೋಳಿನ ಸೊಂಡಿಲು, ಮಳೆಯ ಹಾಡಿಗೆ ಉದುರುವ ಬೆರಳು. ಮಕ್ಕಳು ಬಾಯಿ ತೆರೆದು ಮುಚ್ಚುತ್ತಿದ್ದವು. ಅದರಿಂದ ಹಾಡು ಬರುತ್ತಿದೆಯೋ ಆಕಳಿಕೆಯೋ ಎಂದು ಶೆಡ್ಡುಗಳ ನಡುವೆ ದೇವರಿಗೂ ಗೊತ್ತಾಗುವಂತಿರಲಿಲ್ಲ. ಉಳಿದ ಮಕ್ಕಳು ಕಿಟಕಿ ನೋಡುತ್ತಿದ್ದವು, ಮೂಗಿನಲ್ಲಿ ಬೆರಳಿಡುತ್ತಿದ್ದವು. ಬನಶಂಕರಿ ಮಾತ್ರ ಟೀಚರಿನ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಅವಳು ಕೈ ಎತ್ತುವುದರೊಳಗೆ ಅದರ ಕೈ ಎದ್ದಿರುತ್ತಿತ್ತು. ಇಂಥ ಶಿಷ್ಯೆ ಸಿಕ್ಕ ಯಾವ ಗುರು ತಾನೆ ಅನುಮಾನ ಪಡುತ್ತಾಳೆ?

ಅಷ್ಟರಲ್ಲಿ ಮೇಲಿನಿಂದ ಹೊಸ ಮೌಲ್ಯಾಂಕನದ ಹಾಳೆ ಬಂತು. ಅದರ ಮೊದಲ ಸಾಲೇ 'ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದೆ: ಹೌದು, ಇಲ್ಲ' ಎಂದಿತ್ತು. ದಾನಮ್ಮ ಪ್ರಾಮಾಣಿಕವಾಗಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನಾಗಿ ಕರೆದಳು. ಯಾರೂ ತಿರುಗಲಿಲ್ಲ. ಹೊರಗೆ ಹೋಗಿ, ಶೆಡ್ಡಿನಿಂದ ದೂರ ನಡೆದು, ಮೇಲ್ವಿಚಾರಕಿ ಉಮಾಶ್ರೀ ಮೇಡಂಗೆ ಫೋನು ಮಾಡಿದಳು.

"ಖರೆ ಬರದ್ರ ಇಡೀ ಓಣಿ ಕಿವುಡ ಆಕ್ಕೈತ್ರಿ ಮೇಡಂ."

"ಓಣಿಗೆ ಕಿವುಡ ಬಂದ್ರ ನನಗ ನೋಟಿಸ್ ಬರ್ತೈತಿ. ಎಲ್ಲಾರಿಗೂ 'ಹೌದು' ಹಾಕ್ರಿ, ಹಾಕಿ ಕಳಸ್ರಿ."

ದಾನಮ್ಮ ಮೇಲಿನಿಂದ ಕೆಳಗಿನ ತನಕ 'ಹೌದು' ಹಾಕಿದಳು. 'ಗಮನ' ಎಂಬ ಸಾಲಿನಲ್ಲಿ ಬನಶಂಕರಿಗೆ ಐದಕ್ಕೆ ಐದು ಕೊಟ್ಟಳು. ತಾಲೂಕಿನಲ್ಲಿ ಮತ್ತಾರಿಗೂ ಅಷ್ಟು ಬಿದ್ದಿರಲಿಲ್ಲ. ಉಮಾಶ್ರೀ ಮೇಡಂ ಖುದ್ದಾಗಿ ಬಂದು ಹುಡುಗಿಯ ಕೆನ್ನೆ ಹಿಂಡಿ, ಗುರುವಾರ ಜಮಖಂಡಿಯ ತರಬೇತಿಯಲ್ಲಿ ಪ್ರಾತ್ಯಕ್ಷಿಕೆಗೆ ಇದೇ ಮಗು ಬೇಕೆಂದಳು. ಎಲ್ಲ ಸರಿಹೋದರೆ ಆ ಬಾಡಿಗೆ ಕೋಣೆಗೆ 'ಮಾದರಿ ಅಂಗನವಾಡಿ' ಎಂಬ ಬಣ್ಣದ ಫಲಕ ಬರುವುದಿತ್ತು. ದಾನಮ್ಮ ಫಲಕ ಹೊಡೆಯಲು ಗೋಡೆಯಲ್ಲಿ ಜಾಗವನ್ನೂ ನೋಡಿಟ್ಟಳು.

ಶೇವಂತಿ ಬಂದದ್ದು ಅದರ ಮರುದಿನ.

"ಅಕ್ಕೋರ, ಶನಿವಾರ ಮುಧೋಳದಾಗ ಕಿವಿ ಕ್ಯಾಂಪ್ ಐತಂತ್ರಿ. ಅಂಗನವಾಡಿ ಚೀಟಿ ತಂದ ಮಕ್ಕಳನ್ನ ಅಷ್ಟ ನೋಡ್ತಾರಂತ. ಮಷಿನ್ನೂ ಪುಕಟ ಕೊಡ್ತಾರಂತ. ಐದ ತುಂಬೂದ್ರಾಗ ಕಿವಿಗೆ ಏನರೆ ಹಾಕಲಿಲ್ಲಂದ್ರ ಮಾತ ಬರೂದ ಕಷ್ಟ ಅಂತ ಆಶಾ ಬಾಯಾರ ಹೇಳ್ಯಾರ. ಒಂದ ಚೀಟಿ ಬರದ ಕೊಡ್ರಿ."

"ಯಾರಿಗೆ?"

"ಶಂಕ್ರಿಗೆ."

ದಾನಮ್ಮ ನಕ್ಕಳು. ಆಮೇಲೆ ಶೇವಂತಿಯ ಮುಖ ನೋಡಿ ನಿಲ್ಲಿಸಿದಳು. "ಹುಚ್ಚೇನ್ ಬೇ ನಿನಗ? ನಮ್ಮ ಸಾಲ್ಯಾಗ ಆಕಿಯಷ್ಟು ಲಕ್ಷ್ಯ ಕೊಟ್ಟ ಕೇಳಾಕಿ ಯಾರೂ ಇಲ್ಲ."

"ಕೇಳಾಕಿ ಅಲ್ರಿ, ನೋಡಾಕಿ."

"ಎರಡೂ ಒಂದ."

"ಹಂಗಾರ ನೀವು ಕಣ್ಣ ಮುಚ್ಚಕೊಂಡ ರೇಡಿಯೋ ನೋಡ್ರಿ."

ದಾನಮ್ಮನಿಗೆ ಸಿಟ್ಟು ಬಂತು, ಸಿಟ್ಟಿನ ಕೆಳಗೆ ಸಣ್ಣದೊಂದು ಚಳಿಯೂ ಬಂತು. ಎರಡನ್ನೂ ನುಂಗಿದಳು. "ನೋಡು, ಐದಕ್ಕ ಐದು ಕೊಟ್ಟೇನಿ, ಮೇಡಂ ಸಹಿ ಹಾಕ್ಯಾರ. ಈಗ ಕಿವುಡಿ ಅಂತ ಬರದ್ರ ನನ್ನ ಗತಿ ಏನು? ಗುರುವಾರ ಹುಡುಗೀನ ಕರಕೊಂಡ ಜಮಖಂಡಿಗೆ ಬಾ. ಸುಮ್ಮ ಕೂಡು. ಕಾರ್ಯಕ್ರಮ ಮುಗದ ಮ್ಯಾಲೆ ನಾನ ಮೇಡಂ ಕಡೆ ಚೀಟಿಗೆ ಸಹಿ ಮಾಡಿಸಿ ಕೊಡ್ತೀನಿ. ಆತಿಲ್ಲ?"

"ಖರೆ ಮಾಡಸ್ತೀರಿ?"

"ದಾನಮ್ಮದೇವಿ ಆಣಿ."

ತನ್ನದೇ ಹೆಸರಿನ ದೇವರ ಮೇಲೆ ಆಣೆ ಇಡುವವರನ್ನು ನಂಬಬಾರದೆಂದು ಶೇವಂತಿಗೆ ಅನ್ನಿಸಿತು. ಆದರೆ ಬೇರೆ ಯಾರ ಕೈಯಲ್ಲೂ ಚೀಟಿ ಇರಲಿಲ್ಲ.

ಜಮಖಂಡಿಯ ತರಬೇತಿ ಮಂಗಳವಾರವೇ ಶುರುವಾಗಿತ್ತು. ಬಾಡಿಗೆಗೆ ಹಿಡಿದ ಮದುವೆ ಹಾಲ್. ವೇದಿಕೆಯ ಮೇಲೆ ಯಾರದೋ ಆರತಕ್ಷತೆಯ ಥರ್ಮೋಕೋಲ್ ಹಂಸಗಳು ಉಳಿದಿದ್ದವು. ಅವುಗಳ ಕೊಕ್ಕಿನ ಮೇಲೆ 'ಅವಲೋಕನ, ಮೌಲ್ಯಾಂಕನ ಹಾಗೂ ಪಠ್ಯಯೋಜನೆ' ಎಂಬ ಬ್ಯಾನರು. ದೀಪ ಹಚ್ಚಲು ಫ್ಯಾನುಗಳನ್ನು ನಿಲ್ಲಿಸಿದರು, ಹಚ್ಚಿದ ಮೇಲೆ ಮತ್ತೆ ತಿರುಗಿಸಿದರು, ದೀಪ ಆರಿತು, ಯಾರೂ ಅವಲೋಕಿಸಲಿಲ್ಲ. ಬೀಳಗಿ, ಮುಧೋಳ, ಜಮಖಂಡಿ ಕಡೆಯ ಅಂಗನವಾಡಿ ಕಾರ್ಯಕರ್ತೆಯರಿಗೆ ಗಿಳಿ, ನವಿಲು, ಗುಬ್ಬಿ ಎಂದು ಗುಂಪು ಮಾಡಿ ಎದೆಯ ಮೇಲೆ ಹಕ್ಕಿಯ ಚಿತ್ರ ಅಂಟಿಸಿದರು. ಮೊಮ್ಮಕ್ಕಳನ್ನು ಕಂಡ ಹೆಂಗಸರು ಗಿಳಿಗಳಾಗಿ ಕೂತರು.

ತರಬೇತುದಾರ ಶಶಿಕಾಂತ ಜಮಖಂಡಿಯಲ್ಲೇ ಹುಟ್ಟಿ ಬೆಳೆದು, ಯಾವುದೋ ಸಂಸ್ಥೆಗೆ ಸೇರಿ, ಊರಿನ ಮಾತನ್ನು ಒಗೆದು ಇಸ್ತ್ರಿ ಮಾಡಿಕೊಂಡು ಮರಳಿದ್ದವನು. ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಕಾರ್ಡ್‌ಲೆಸ್ ಮೈಕು. ಮೊದಲ ಎರಡು ದಿನ ಯೋಜನೆ ಮಾಡುವುದನ್ನು ಕಲಿಸಿದ್ದ. ಒಂದೊಂದು ವಾರಕ್ಕೆ ಒಂದೊಂದು ವಿಷಯ: ನನ್ನ ಮನೆ, ಹಣ್ಣು, ನೀರು.

"ನೀರಿನ ವಾರದಲ್ಲಿ ಮಕ್ಕಳಿಗೆ ನೀರನ್ನು ಹೇಗೆ ಪರಿಚಯಿಸುತ್ತೀರಿ?" ಎಂದು ಕೇಳಿದ್ದ.

ಗಲಗಲಿಯ ಜಕ್ಕವ್ವ ಕೈ ಎತ್ತಿದ್ದಳು. ಕೃಷ್ಣೆಯ ದಂಡೆಯ ಊರಿನವಳು, ಬಾಯಿಗೆ ಬೀಗವಿಲ್ಲದವಳು. "ಸರ, ನಮ್ಮೂರಾಗ ಮಕ್ಕಳು ಹೋಗಿ ನೀರಿನ ಪರಿಚಯ ಮಾಡಕೊಳ್ಳೂದಿಲ್ರಿ. ಡ್ಯಾಮ್ ತುಂಬಿದಾಗ ನೀರ ಬಂದು ನಮ್ಮ ಪರಿಚಯ ಮಾಡಕೊಂಡ ಹೋಗೇತಿ."

ಹಾಲ್ ನಕ್ಕಿತು. ಶಶಿಕಾಂತ 'ಒಳ್ಳೆಯ ಅನುಭವ ಹಂಚಿಕೆ' ಎಂದು ಹೇಳಿ ಮುಂದಿನ ಸ್ಲೈಡಿಗೆ ಹೋದ. ಸ್ಲೈಡಿನಲ್ಲಿ ಒಂದು ಈಜುಕೊಳವಿತ್ತು.

ಗುರುವಾರ ಅವಲೋಕನದ ಸರದಿ. ಹಾಲಿನ ನಡುವೆ, ಸಿಮೆಂಟಿನ ನೆಲದ ಮೇಲೆ ದಪ್ಪ ಜಮಖಾನೆ ಹಾಸಿ, ಕಟ್ಟಿಗೆಯ ತುಂಡುಗಳನ್ನು ಸುರಿದು, ಬೇರೆ ಬೇರೆ ಕೇಂದ್ರಗಳಿಂದ ಆರಿಸಿ ತಂದ ಮಕ್ಕಳನ್ನು ಕೂರಿಸಿದರು. ಬನಶಂಕರಿಗೆ ದಾನಮ್ಮ ತಾನೇ ಎರಡು ಜಡೆ ಹಾಕಿ ರಿಬ್ಬನ್ನು ಕಟ್ಟಿದ್ದಳು. ಸುತ್ತಲೂ ಗಿಳಿ, ನವಿಲು, ಗುಬ್ಬಿಗಳು ಹಾಳೆ ಹಿಡಿದು ಕೂತವು. ತಾಯಂದಿರನ್ನು ಹಿಂದಿನ ಗೋಡೆಗೆ, ಚಹಾದ ಟೇಬಲ್ಲಿನ ಹತ್ತಿರ ಸಾಲಾಗಿ ನಿಲ್ಲಿಸಿದರು.

"ಎರಡೇ ನಿಯಮ" ಎಂದ ಶಶಿಕಾಂತ. "ಒಂದು, ಕಂಡದ್ದನ್ನು ಬರೆಯಿರಿ, ಅನ್ನಿಸಿದ್ದನ್ನು ಬರೆಯಬೇಡಿ. ಎರಡು, ಮಗುವನ್ನು ಮಾತಾಡಿಸಬೇಡಿ, ಕರೆಯಬೇಡಿ, ಮುಟ್ಟಬೇಡಿ. ನಾವು ಗೋಡೆಯ ಮೇಲಿನ ಹಲ್ಲಿಗಳ ಹಾಗೆ ಇರಬೇಕು."

"ಹಲ್ಲಿ ಲೊಚಗುಡತೈತ್ರಿ ಸರ" ಎಂದಳು ಜಕ್ಕವ್ವ.

"ಲೊಚಗುಡದ ಹಲ್ಲಿ, ಅಕ್ಕಾ."

ಹಲ್ಲಿಗಳು ಬರೆಯತೊಡಗಿದವು. ಬನಶಂಕರಿ ಒಮ್ಮೆ ಸುತ್ತಲೂ ನೋಡಿತು. ಇಷ್ಟು ಮುಖಗಳನ್ನು ಅದು ಒಟ್ಟಿಗೆ ಕಂಡಿರಲಿಲ್ಲ. ನೆಲಕ್ಕೆ ಅಂಗೈ ಊರಿ ಸ್ವಲ್ಪ ಹೊತ್ತು ಕಾದಿತು. ಇಲ್ಲಿಯ ನೆಲ ಏನೂ ಹೇಳಲಿಲ್ಲ. 'ಮಗು ನೆಲವನ್ನು ಮುಟ್ಟಿ ಸ್ವಚ್ಛತೆ ಪರೀಕ್ಷಿಸಿತು' ಎಂದು ನವಿಲೊಂದು ಬರೆಯಿತು. ಆಮೇಲೆ ಹುಡುಗಿ ಕಟ್ಟಿಗೆಯ ತುಂಡುಗಳನ್ನು ಒಂದರ ಮೇಲೊಂದು ಇಡಲು ಶುರು ಮಾಡಿತು.

ಅದೇ ಹೊತ್ತಿಗೆ ಚಹಾ ಕೊಡುವವನು ಸ್ಟೀಲಿನ ಲೋಟಗಳ ದೊಡ್ಡ ತಟ್ಟೆ ಎತ್ತಿಕೊಂಡು ಬಾಗಿಲು ದಾಟುತ್ತ ಹೊಸ್ತಿಲಿಗೆ ಎಡವಿದ. ಲೋಟಗಳು ಹಾಲಿನ ಉದ್ದಕ್ಕೂ ಉರುಳಿದವು. ಉಮಾಶ್ರೀ ಮೇಡಂ ಎದೆ ಹಿಡಿದುಕೊಂಡಳು. ಮಕ್ಕಳು ಚೀರಿದವು, ಬೀಳಗಿಯ ಮಗು ಜಮಖಾನೆ ಒದ್ದೆ ಮಾಡಿತು, ಬಾಡಗಂಡಿಯದು ಎದ್ದು ತಾಯಿಯ ಕಡೆ ಓಡಿತು. ಬನಶಂಕರಿ ಲೋಟಗಳಿಗೆ ಬೆನ್ನು ಮಾಡಿ ಕೂತಿತ್ತು. ಕೈಯಲ್ಲಿದ್ದ ತುಂಡನ್ನು ನಿಧಾನವಾಗಿ ಗೋಪುರದ ತುದಿಯ ಮೇಲೆ ಇಟ್ಟು, ಅಲುಗುತ್ತದೆಯೇ ಎಂದು ನೋಡಿತು.

"ನೋಡಿ!" ಶಶಿಕಾಂತ ಮೈಕಿನಲ್ಲಿ ಪಿಸುಗುಟ್ಟಿದ. ಅವನ ದನಿ ಭಕ್ತಿಯಿಂದ ನಡುಗುತ್ತಿತ್ತು. "ಎಲ್ಲರೂ ಈ ಮಗುವನ್ನು ನೋಡಿ. ಏಕಾಗ್ರತೆ. ಹೊರಗಿನ ಯಾವ ಗದ್ದಲವೂ ಇದನ್ನು ತಟ್ಟಲಿಲ್ಲ. ಹನ್ನೊಂದು ಜಿಲ್ಲೆ ತಿರುಗಿದ್ದೇನೆ, ಇಂಥ ಮಗು ನೋಡಿಲ್ಲ." ಯಾರೋ ಫೋಟೋ ಹೊಡೆದರು. ಯಾರೋ ಚಪ್ಪಾಳೆ ತಟ್ಟಿದರು, ಹಾಲ್ ಪೂರ್ತಿ ತಟ್ಟಿತು. ಬನಶಂಕರಿ ತಲೆ ಎತ್ತಿ ನೋಡಿದಾಗ ಎಲ್ಲರ ಕೈಗಳೂ ಆಡುತ್ತಿದ್ದವು. ಇದೊಂದು ಹೊಸ ಹಾಡು ಎಂದು ತಿಳಿದು ತಾನೂ ಕೈ ತಟ್ಟಿತು.

"ಅಯ್ಯ, ಎಷ್ಟ ಶಾಣ್ಯಾ ಐತಿ ನೋಡವಾ" ಎಂದು ಗುಬ್ಬಿಗಳು ಕರಗಿಹೋದವು.

ದಾನಮ್ಮನೂ ಕೈ ತಟ್ಟುತ್ತಿದ್ದಳು. ಹುಡುಗಿ ಅವಳ ಮುಖ ಹುಡುಕಿ ತೆಗೆದು, ರೂಢಿಯಂತೆ, ಮುಂದಿನ ಸನ್ನೆಗಾಗಿ ಕಾಯುತ್ತ ನೋಡಿತು. ದಾನಮ್ಮನ ಕೈಗಳು ನಡುವೆಯೇ ನಿಂತವು. ಲೋಟ ಬಿದ್ದಾಗ ತಾನು ಕೂತಲ್ಲೇ ಹಾರಿಬಿದ್ದದ್ದು ಅವಳಿಗೆ ನೆನಪಾಯಿತು. ಅವಳು ತಲೆ ತಗ್ಗಿಸಿ ತನ್ನ ಹಾಳೆ ನೋಡಿದಳು. 'ಅದ್ಭುತ ಏಕಾಗ್ರತೆ' ಎಂದು ಅಷ್ಟರಲ್ಲಿ ಬರೆದಾಗಿತ್ತು.

ಶೇವಂತಿ ಕಾರ್ಯಕ್ರಮ ಮುಗಿಯುವ ತನಕ ಸುಮ್ಮನಿರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಚಪ್ಪಾಳೆ ಅವಳ ತಾಳ್ಮೆಯನ್ನು ಮುಗಿಸಿತು. ಉಪ್ಪಿಟ್ಟು ಮುಚ್ಚಿದ್ದ ಹಿತ್ತಾಳೆಯ ಪರಾತವನ್ನು ಟೇಬಲ್ಲಿನಿಂದ ಎತ್ತಿಕೊಂಡಳು, ಇನ್ನೊಂದು ಕೈಯಲ್ಲಿ ಸೌಟು. ಹಲ್ಲಿಗಳ ಸುತ್ತು ದಾಟಿ ನಡೆದಳು.

"ಅಮ್ಮಾ, ಪ್ರಕ್ರಿಯೆ ನಡೆಯುತ್ತಿದೆ, ಮಧ್ಯೆ ಬರಬೇಡಿ" ಎಂದ ಶಶಿಕಾಂತ.

ಶೇವಂತಿ ಮಗಳ ಬೆನ್ನ ಹಿಂದೆ ನಿಂತು, ಅದರ ತಲೆಯ ಹತ್ತಿರ ಪರಾತ ಹಿಡಿದು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬಡಿದಳು. ಮತ್ತೆ ಬಡಿದಳು. ಹೆಂಗಸರು ಕಿವಿ ಮುಚ್ಚಿಕೊಂಡರು. ವೇದಿಕೆಯ ಮೇಲಿನ ಹಂಸವೊಂದರ ಕೊಕ್ಕು ಉದುರಿತು. ಹುಡುಗಿ ಇನ್ನೊಂದು ತುಂಡಿಗಾಗಿ ಕೈ ಚಾಚಿತು.

ಶೇವಂತಿ ಪರಾತ ಕೆಳಗಿಳಿಸಿದಳು.

"ಬರೀರಿ" ಎಂದಳು. "ಕಂಡದ್ದ ಬರೀಬೇಕಂತಲ್ರಿ. ಈಗ ಕಂಡತಿಲ್ಲ? ಬರೀರಿ."

ಯಾರೂ ಬರೆಯಲಿಲ್ಲ. ಶಶಿಕಾಂತ ಮೈಕನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಇಸ್ತ್ರಿಯ ಮಡಿಕೆ ಆ ಗಳಿಗೆಯಲ್ಲಿ ಸಡಿಲಾಯಿತು. "ಅದು... ಹಂಗಲ್ಲವಾ... ಈ ಹಾಳ್ಯಾಗ ಅದಕ್ಕ ಕಾಲಮ್ ಇಲ್ಲ." ಮತ್ತೆ ಸಾವರಿಸಿಕೊಂಡ. "ಈ ಮಗುವಿಗೆ ವಿಶೇಷ ಅಗತ್ಯ ಇರಬಹುದು. ಅದು ಬೇರೆ ಮಾಡ್ಯೂಲ್. ಸದ್ಯ ಬೇರೆ ಮಗುವನ್ನು ತಂದು ಕೂರಿಸಿ."

"ಏಕಾಗ್ರತೆ ಅಂತ ಬರದೇನ್ರಿ ಸರ, ಅಳಸಲ್ಯೋ ಬಿಡಲ್ಯೋ?" ಜಕ್ಕವ್ವ ಕೇಳಿದಳು. "ಅದು ಕಂಡದ್ದೋ, ನಿಮಗ ಅನಸಿದ್ದೋ?"

ಉಮಾಶ್ರೀ ಮೇಡಂ ಎದ್ದು ಬಂದು ಶೇವಂತಿಯ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ದಾನಮ್ಮನನ್ನೂ ಕಣ್ಣಲ್ಲೇ ಕರೆದಳು. ಆ ಮಟ್ಟಿಗೆ ಅವಳಿಗೂ ಓಣಿಯ ಭಾಷೆ ಬರುತ್ತಿತ್ತು.

"ಏನ್ ಇದೆಲ್ಲಾ, ದಾನಮ್ಮ? ಮಧ್ಯಾಹ್ನ ಸಾಹೇಬ್ರು ಸಮಾರೋಪಕ್ಕ ಬರ್ತಾರ."

"ಚೀಟಿ ಕೊಡ್ರಿ, ಹೋಗ್ತೀನಿ" ಎಂದಳು ಶೇವಂತಿ.

"ಕೊಡೂಣವಾ. ಮುಂದಿನ ತಿಂಗಳ ಹಾಳಿ ಬರಲಿ, ನಿಧಾನಕ ಐದರಿಂದ ನಾಕು, ನಾಕರಿಂದ ಮೂರು ಮಾಡಕೋತ..."

"ಕ್ಯಾಂಪ್ ನಾಡಿದ್ದ ಐತ್ರಿ."

"ಅಲ್ಲ, ಹೋದ ತಿಂಗಳ ನನ್ನ ಸಹಿ ಮ್ಯಾಲೆ ಐದಕ್ಕ ಐದು, ಇವತ್ತ ಅದೇ ಸಹಿ ಮ್ಯಾಲೆ ಕಿವುಡಿ. ನನ್ನ ಸಹಿಗೆ ಏನ್ ಕಿಮ್ಮತ್ತು ಉಳೀತು?" ಮೇಡಂ ದಾನಮ್ಮನ ಕಡೆ ತಿರುಗಿದಳು. "ನೀ ಬರದ್ರ ಮಾದರಿ ಕೇಂದ್ರದ ಹೆಸರು ಈಗಿಂದೀಗ ಹೊಡದ ಹಾಕ್ತೀನಿ. ವಿಚಾರ ಮಾಡು."

ದಾನಮ್ಮ ವಿಚಾರ ಮಾಡಿದಳು. ಗೋಡೆಯ ಮೇಲೆ ತಾನು ನೋಡಿಟ್ಟ ಜಾಗ ಕಣ್ಣ ಮುಂದೆ ಬಂತು. ಜಮಖಾನೆಯ ಮೇಲೆ ಬನಶಂಕರಿಯನ್ನು ಎಬ್ಬಿಸಿ ಬೇರೆ ಮಗುವನ್ನು ಕೂರಿಸುತ್ತಿದ್ದರು. ಹುಡುಗಿ ಗೋಪುರ ಬಿಟ್ಟು ಏಳಲು ಒಲ್ಲದೆ, ತನ್ನ ಟೀಚರು ಏನು ಸನ್ನೆ ಮಾಡುತ್ತಾಳೆ ಎಂದು ಇತ್ತಲೇ ನೋಡುತ್ತಿತ್ತು. ಒಂದು ವರ್ಷದಿಂದ ಆ ಕಣ್ಣುಗಳು ಹೀಗೆಯೇ ನೋಡಿವೆ. ಅವಳು ಅದನ್ನು ಭಕ್ತಿ ಎಂದುಕೊಂಡಿದ್ದಳು. ಇಷ್ಟನ್ನೇ ಹೇಳಿದರೆ ದಾನಮ್ಮನ ಮನಸ್ಸು ಕರಗಿತು ಎಂದು ಓದುವವರು ನಂಬಿಯಾರು. ಪಕ್ಕದಲ್ಲಿ ಶೇವಂತಿ ಸೌಟು ಹಿಡಿದೇ ನಿಂತಿದ್ದಳು ಎಂಬುದನ್ನೂ ಸೇರಿಸಬೇಕು. ಬನಹಟ್ಟಿಯ ಆ ಓಣಿಗೆ ನಾಳೆ ತಾನು ಮರಳಬೇಕು, ಮೇಡಂ ಅಲ್ಲ.

ದಾನಮ್ಮ ಅವಲೋಕನದ ಹಾಳೆಯನ್ನು ತಿರುವಿ, ಬಿಳಿಯ ಬದಿಯಲ್ಲಿ, ಮೊಣಕಾಲಿನ ಮೇಲಿಟ್ಟುಕೊಂಡು ಬರೆದಳು. 'ಕುಮಾರಿ ಬನಶಂಕರಿ. ಕರೆದರೆ ತಿರುಗುವುದಿಲ್ಲ. ಲೋಟ ಬಿದ್ದರೂ ತಿರುಗುವುದಿಲ್ಲ. ಪರಾತ ಬಡಿದರೂ ತಿರುಗುವುದಿಲ್ಲ. ಕಿವಿ ತಪಾಸಣೆಗೆ ಕಳಿಸಲಾಗಿದೆ.' ಇಷ್ಟು ದಿನದ ತರಬೇತಿಯಲ್ಲಿ ಆ ಹಾಲಿನಲ್ಲಿ ಯಾರಾದರೂ ಬರೆದ ಅವಲೋಕನವೆಂದರೆ ಅದೊಂದೇ. ತನ್ನ ಸಹಿ ಹಾಕಿ ಮೇಡಂ ಮುಂದೆ ಹಿಡಿದಳು.

"ನಾ ಹಾಕೂದಿಲ್ಲ" ಎಂದಳು ಉಮಾಶ್ರೀ.

ಶೇವಂತಿ ಪರಾತವನ್ನು ಎದೆಯ ಮಟ್ಟಕ್ಕೆ ಎತ್ತಿದಳು. "ಸಾಹೇಬ್ರು ಬರೂತನಕ ಬಡಕೋತ ನಿಂದರತೀನ್ರಿ. ಅವರಿಗರೆ ಕೇಳಸತೈತಿಲ್ಲೋ ನೋಡೂಣು."

ಮೇಡಂ ಸಹಿ ಹಾಕಿದಳು. ಸಹಿಗೆ ಕಿಮ್ಮತ್ತು ಇರಲಿಲ್ಲ, ಆದರೆ ಕ್ಯಾಂಪಿಗೆ ಅದು ಸಾಕಾಗಿತ್ತು. ಶೇವಂತಿ ಪರಾತವನ್ನು ಉಪ್ಪಿಟ್ಟಿನ ಮೇಲೆ ಮೊದಲಿನ ಹಾಗೆ ಮುಚ್ಚಿ, ಮಗಳನ್ನು ಕಂಕುಳಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು. ಹಿಂದೆ ಮೈಕು ಮತ್ತೆ ಶುರುವಾಗಿತ್ತು.

ಮುಧೋಳದ ಕ್ಯಾಂಪಿನಲ್ಲಿ ಡಾಕ್ಟರು ಹುಡುಗಿಯ ಕಿವಿಗೆ ಏನೇನೋ ಹಚ್ಚಿ ನೋಡಿ, ಪೂರಾ ಹೋಗಿಲ್ಲ, ಚೂರು ಉಳಿದಿದೆ, ಇನ್ನೂ ತಡ ಮಾಡಿದ್ದರೆ ಅದನ್ನು ಬಳಸುವುದನ್ನೇ ಮಗು ಕಲಿಯುತ್ತಿರಲಿಲ್ಲ ಎಂದರು. ಎರಡು ಕಿವಿಗೂ ಮಷಿನ್ನು ಬಂತು. ದಾನಮ್ಮನ ಕೇಂದ್ರಕ್ಕೆ ಫಲಕ ಬರಲಿಲ್ಲ; ಅದು ಜಮಖಂಡಿಯ ಯಾವುದೋ ಅಂಗನವಾಡಿಗೆ ಹೋಯಿತು. ಆದರೆ ಮರುವರ್ಷ ಎಲ್ಲ ಕೇಂದ್ರಗಳಿಗೂ ತರಬೇತಿಯ ಹೊಸ ಕೈಪಿಡಿ ಬಂತು. ಅದರ ಹೊದಿಕೆಯ ಮೇಲೆ, ಎರಡು ಜಡೆಯ ಹುಡುಗಿಯೊಂದು ಕಟ್ಟಿಗೆಯ ಗೋಪುರದ ತುದಿಗೆ ತುಂಡು ಇಡುತ್ತಿತ್ತು. ಹಿಂದೆ ಮಸುಕಾಗಿ ಉರುಳಿಬಿದ್ದ ಲೋಟಗಳು. ಕೆಳಗೆ 'ಗಮನವಿಟ್ಟು ಆಲಿಸುವ ಮಗು' ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿದ್ದರು. ದಾನಮ್ಮ ಅದನ್ನು ತಂದು ತೋರಿಸಿದಾಗ ಶೇವಂತಿ ಕೇಳಿದ್ದು ಒಂದೇ: "ಇದು ಗಟ್ಟಿ ಐತಿ, ಹಿಟ್ಟಿನ ಡಬ್ಬಿ ಮ್ಯಾಲೆ ಮುಚ್ಚಾಕ ಕೊಡ್ತೀರೇನ್ರಿ?"

ಮಷಿನ್ನನ್ನು ಬನಶಂಕರಿ ಮೊದಮೊದಲು ದ್ವೇಷಿಸಿತು. ಹಾಕಿದ ಕೂಡಲೇ ಇಡೀ ಓಣಿಯ ಮಗ್ಗಗಳು ಅದರ ತಲೆಯೊಳಗೆ ಬಡಿಯುತ್ತಿದ್ದವು. ಕಿತ್ತು ಕಂಡಕಿಯ ಬುಟ್ಟಿಗೆ ಒಗೆಯುತ್ತಿತ್ತು. "ನಾ ಹೇಳಿದ್ನಿಲ್ಲ, ಈ ಓಣ್ಯಾಗ ಕಿವಿ ಇಲ್ಲದಾಕೀನ ಪುಣ್ಯವಂತಿ" ಎಂದು ಹಣಮವ್ವ ತನ್ನ ಗೆಲುವನ್ನು ಸನ್ನೆಯಲ್ಲೇ ಸಾರಿದಳು. ಶೇವಂತಿ ಪಟ್ಟು ಬಿಡಲಿಲ್ಲ. ದಿನಾ ಊರ ಹೊರಗಿನ ಕಬ್ಬಿನ ಹೊಲಗಳ ಕಡೆ ಕರೆದುಕೊಂಡು ಹೋಗಿ, ಅಲ್ಲಿ ಮಷಿನ್ನು ಹಾಕಿ, ತನ್ನ ತವರಿನವರ ಹಾಗೆ ಕೂಗಿ ಕೂಗಿ ಮಾತು ಕಲಿಸಿದಳು. ಓಣಿಯಲ್ಲಿ ಮಾತ್ರ ಹುಡುಗಿ ತನ್ನದೇ ಒಂದು ಕಟ್ಟಳೆ ಮಾಡಿಕೊಂಡಿತು. ಅಂಗಾಲಿಗೆ ಮಗ್ಗ ನಿಂತದ್ದು ಗೊತ್ತಾದ ಕೂಡಲೇ ಓಡಿ ಹೋಗಿ ಬುಟ್ಟಿಯಿಂದ ಮಷಿನ್ನು ತೆಗೆದು ಹಾಕಿಕೊಂಡು ಹೊರಗೆ ಬರುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬನಶಂಕರಿ ಮಷಿನ್ನು ಹಾಕಿಕೊಂಡು ಬಂದು ಕಟ್ಟೆಯ ಮೇಲೆ, ಅವ್ವನಿಗೆ ಬೆನ್ನು ಮಾಡಿ, ಖಾಲಿ ಕಂಡಕಿಗಳನ್ನು ನಿಲ್ಲಿಸಿ ಸಾಲು ಮಾಡುತ್ತ ಕೂತಿತ್ತು. ಒಳಗಿನಿಂದ ಶೇವಂತಿ ಕರೆದಳು.

"ಶಂಕ್ರೀ, ಬಾ ಉಣ್ಣಾಕ."

ಹುಡುಗಿಯ ಕೈ ನಡುವೆ ನಿಂತಿತು. ಕುತ್ತಿಗೆ ಒಂದು ಎಳೆಯಷ್ಟು ಇತ್ತ ಹೊರಳಿತು, ಮತ್ತೆ ಹಿಂದಕ್ಕೆ ಹೋಯಿತು. ಕೈ ಇನ್ನೊಂದು ಕಂಡಕಿಯನ್ನು ಎತ್ತಿಕೊಂಡಿತು.

ಶೇವಂತಿ ಬಾಗಿಲಿಗೆ ಬಂದು ನಿಂತಳು. "ಶಂಕ್ರೀ!"

ಹುಡುಗಿಯ ಹೆಗಲು ಸಣ್ಣಗೆ ಕುಗ್ಗಿತು. ತಿರುಗಲಿಲ್ಲ. ಕಂಡಕಿಯನ್ನು ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಸಾಲಿಗೆ ಸೇರಿಸಿತು.

"ಕೇಳಸೈತಿ!" ಶೇವಂತಿ ಓಣಿಗೆಲ್ಲ ಕೇಳುವಂತೆ ಅರಚಿದಳು. "ಅತ್ತೀ, ಬರ್ರಿ ಇಲ್ಲಿ, ನೋಡ್ರಿ! ಕೇಳಸೈತಿ ಇಕೀಗೆ! ಕೇಳಸದವರಂಗ ಮಾಡಾಕತ್ತೇತಿ! ಅಪ್ಪನ ಮಗಳ ನೀ, ಕಳ್ಳಿ, ಅಪ್ಪನ ಮಗಳ!"